ಎಡಗಣ್ಣಿನ ಮುಲಾಮು

ಭರತೇಶ್ ಮೊದಲ ಸಲ ನನ್ನ ಮುಖ ಮುಟ್ಟಿದ್ದು ಒಂದು ಮಂಗಳವಾರ ಮಧ್ಯಾಹ್ನ, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಪ್ರೀತಿ ಕಾರಣ ಅಂದುಕೊಳ್ಳಬೇಡಿ. ಆಮೇಲೆ ಅದನ್ನು ಆಫೀಸಿನ ಫಾರ್ಮಿನಲ್ಲಿ ಬರೆಯಬೇಕಾಯಿತು.

ಎರಡು ದಿನದಿಂದ ನನ್ನ ಎಡಗಣ್ಣು ಕೆಂಪಗೆ ಊದಿಕೊಂಡಿತ್ತು. ರಜೆ ಕೇಳುವ ಹಾಗಿರಲಿಲ್ಲ, ನಮ್ಮ ಲ್ಯಾಬಿನಲ್ಲಿ ಸ್ಯಾಂಪಲ್ ಪರೀಕ್ಷಿಸುವ ದೊಡ್ಡ ಮಷಿನ್ ನಡೆಸಲು ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಊಟದ ಕೋಣೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಕೂತಿದ್ದೆ. ಅವನು ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ ಒಂದು ಕಾಗದದ ಪೊಟ್ಟಣ ತಂದ. ಒಳಗೆ ನಾಲ್ಕು ಮೆತ್ತನೆಯ ಪುಟ್ಟ ಕ್ಯಾಪ್ಸೂಲು. ತುದಿ ಕತ್ತರಿಸಿ ಹಿಂಡಿದರೆ ಕಣ್ಣಿನ ಮುಲಾಮು ಬರುತ್ತದೆ.

"ಮ್ಯಾಲ ನೋಡ್ರಿ," ಅಂದ.

"ನೋಡ್ತಾನೇ ಇದೀನಲ್ಲ."

"ಫ್ಯಾನ್ ನೋಡ್ರಿ ಅಂದ್ರ ನನ್ನ ನೋಡಾಕತ್ತೀರಿ."

"ಫ್ಯಾನಿಗೆ ಅಡ್ಡ ನಿಂತಿರೋರು ನೀವು."

ಅವನಿಗೆ ನಗು ಬಂತು, ಕೈ ಅಲ್ಲಾಡಿತು. ಅರ್ಧ ಮುಲಾಮು ಕಣ್ಣಿಗೆ, ಅರ್ಧ ಕೆನ್ನೆಗೆ. ಕೆನ್ನೆಯದನ್ನು ಹೆಬ್ಬೆರಳಿನಿಂದ ಒರೆಸಿದ. ಒರೆಸಿ ಆದಮೇಲೂ ಹೆಬ್ಬೆರಳು ಅಲ್ಲೇ ಇತ್ತು. ನಾನೂ ಮುಖ ತಿರುಗಿಸಲಿಲ್ಲ. ಅಷ್ಟರಲ್ಲಿ ಹೊರಗೆ ಯಾರದೋ ಚಪ್ಪಲಿ ಸದ್ದು. ಅವನು ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ತನ್ನ ಕೋಣೆಗೆ ಓಡಿದ.

ನಾವಿಬ್ಬರೂ ಸೂರತ್‌ನಲ್ಲಿ, ಹಜೀರಾ ರಸ್ತೆಯ ಒಂದು ಫುಡ್ ಟೆಸ್ಟಿಂಗ್ ಲ್ಯಾಬಿನಲ್ಲಿದ್ದೆವು. ಇಲ್ಲಿಯ ಕೊಳಗಳಲ್ಲಿ ಬೆಳೆದ ಸಿಗಡಿ ಹಡಗು ಹತ್ತಿ ಯುರೋಪಿಗೆ ಹೋಗುವ ಮೊದಲು, ಅದರಲ್ಲಿ ನಿಷೇಧಿಸಿದ ಔಷಧಿ ಏನಾದರೂ ಇದೆಯೇ ಎಂದು ನೋಡುವುದು ನಮ್ಮ ಕೆಲಸ. ಹೇಗೆ ನೋಡಬೇಕು ಎಂದು ಹೇಳಿಕೊಡುವುದು ಯುರೋಪಿನ ರೆಫರೆನ್ಸ್ ಲ್ಯಾಬ್. ನಮ್ಮಂಥವರಿಗೆಲ್ಲ ಅದು ಮೇಷ್ಟ್ರು. ವಿಧಾನ ಅವರದ್ದು, ಆಗಾಗ ಗುಟ್ಟಿನ ಸ್ಯಾಂಪಲ್ ಕಳಿಸಿ ನಮಗೇ ಪರೀಕ್ಷೆ ಇಡುವವರೂ ಅವರೇ. ಕ್ಲೋರಾಂಫೆನಿಕಾಲ್ ಎಂಬ ಒಂದು ಔಷಧಿಯಂತೂ ಒಂದು ಟನ್ ಸಿಗಡಿಯಲ್ಲಿ ಪುಡಿ ಉಪ್ಪಿನ ಒಂದೆರಡು ಕಣದಷ್ಟಿದ್ದರೂ ಸಿಕ್ಕಿಬೀಳುತ್ತದೆ.

ಭರತೇಶ್ ಸಿಗಡಿ ರುಬ್ಬುವವನು. ಹುಬ್ಬಳ್ಳಿಯ ಜೈನರ ಹುಡುಗ, ಈರುಳ್ಳಿ ಕೂಡ ಮುಟ್ಟದವನು, ದಿನಕ್ಕೆ ಇಪ್ಪತ್ತು ಪ್ಯಾಕೆಟ್ ಸಿಗಡಿ ರುಬ್ಬುತ್ತಿದ್ದ. "ನಿಮ್ಮ ಅಜ್ಜಿಗೆ ಗೊತ್ತಾ?" ಎಂದು ರೇಗಿಸಿದರೆ, "ಸೂರತ್‌ನಾಗ ಲ್ಯಾಬಿನಾಗ ಅದೀನಿ ಅಂತ ಅಷ್ಟ ಗೊತ್ತು. ನೀವು ಹೇಳಾಕ ಹೋಗಬ್ಯಾಡ್ರಿ," ಅನ್ನುತ್ತಿದ್ದ. ನಾನು ಮಂಡ್ಯದವಳು, ಮೀನಿನ ಸಾರು ಇಲ್ಲದ ಭಾನುವಾರ ನನಗೆ ಭಾನುವಾರವೇ ಅಲ್ಲ. ಅವನು ರುಬ್ಬಿ ಕೊಟ್ಟದ್ದನ್ನು ಮಷಿನ್‌ಗೆ ಹಾಕಿ, ಬಂದ ಅಂಕಿ ಓದಿ, ರಿಪೋರ್ಟಿಗೆ ಸಹಿ ಹಾಕುವವಳು ನಾನು, ಚಿನ್ಮಯಿ.

ನಮ್ಮ ಕೋಣೆಗಳ ನಡುವೆ ಗೋಡೆ. ಗೋಡೆಯೊಳಗೆ ಪಾಸ್ ಬಾಕ್ಸ್ ಎಂಬ ಒಂದು ಪೆಟ್ಟಿಗೆ. ಅದಕ್ಕೆ ಎರಡೂ ಕಡೆ ಗಾಜಿನ ಬಾಗಿಲು. ಅವನ ಬಾಗಿಲು ತೆರೆದಿದ್ದರೆ ನನ್ನದು ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಒಂದು ಕೋಣೆಯ ಕೊಳೆ ಇನ್ನೊಂದಕ್ಕೆ ಹೋಗಬಾರದೆಂದು ಹಾಗೆ ಮಾಡಿದ್ದಾರೆ. ಹೊರಗೆ ತೆರೆಯುವ ಒಂದೇ ಒಂದು ಕಿಟಕಿಯೂ ಇಲ್ಲದ ಆ ಕೋಣೆಯನ್ನು ಬೆಳಗ್ಗೆ ಒಂಬತ್ತಕ್ಕೆ ಹೊಕ್ಕರೆ, ಹೊರಗೆ ಬಿಸಿಲೋ ಮಳೆಯೋ ತಿಳಿಯುತ್ತಿರಲಿಲ್ಲ. ಎಸಿಯ ಗುಂಯ್ ಸದ್ದು ಕೇಳಿ ಕೇಳಿ ತಲೆ ಕೆಟ್ಟುಹೋಗುತ್ತಿತ್ತು. ಎಂಟು ತಿಂಗಳು ಅವನನ್ನು ನಾನು ಹೆಚ್ಚಾಗಿ ಎರಡು ಗಾಜಿನ ಆಚೆಯೇ ನೋಡಿದ್ದು. ಮೇಲೆ ಟೋಪಿ, ಕೆಳಗೆ ಮಾಸ್ಕ್, ನಡುವೆ ಎರಡು ಕಣ್ಣು.

ಆ ಕಣ್ಣುಗಳು ಸುಮ್ಮನಿರುತ್ತಿರಲಿಲ್ಲ. ಟ್ಯೂಬುಗಳ ಸ್ಟ್ಯಾಂಡ್ ಒಳಗಿಟ್ಟು ಹುಬ್ಬು ಹಾರಿಸುತ್ತಿದ್ದ. ನಾನು ಕಾಣದವಳ ಹಾಗೆ ಲೇಬಲ್ ಓದುತ್ತಿದ್ದೆ. ಇನ್ನೊಮ್ಮೆ ಹಾರಿಸುತ್ತಿದ್ದ. ಮಾಸ್ಕಿನೊಳಗೆ ನಾನು ನಗುತ್ತಿದ್ದದ್ದು ಅವನಿಗೆ ಹೇಗೆ ತಿಳಿಯುತ್ತಿತ್ತೋ ಕಾಣೆ.

ಗೋಡೆಗಿಂತ ದೊಡ್ಡದು ಒಂದು ನಿಯಮ. ಸ್ಯಾಂಪಲ್ ತಯಾರಿಸುವವರಿಗೂ ಅದಕ್ಕೆ ಸಹಿ ಹಾಕುವವರಿಗೂ ಯಾವ ಸಂಬಂಧವೂ ಇರಬಾರದು. ಇದ್ದರೆ ಒಬ್ಬರನ್ನು ಬೇರೆ ಊರಿಗೆ ಹಾಕುತ್ತಾರೆ. ವರ್ಷದ ಮೊದಲಲ್ಲಿ ಇಬ್ಬರೂ ಫಾರ್ಮಿನಲ್ಲಿ 'ಇಲ್ಲ' ಎಂದು ಟಿಕ್ ಮಾಡಿದ್ದೆವು. ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟರೆ ಅವನು ಸೂರತ್ ಬಿಡಬೇಕು, ಬಾಯಿಬಿಡದಿದ್ದರೆ ಗಾಜಿನ ಆಚೆಯೇ ಇರಬೇಕು. ಹಾಗಾಗಿ ಇಬ್ಬರೂ ಬಾಯಿ ಹೊಲಿದುಕೊಂಡಿದ್ದೆವು.

ಬುಧವಾರ ಬೆಳಗ್ಗೆ ನಲವತ್ತೊಂದನೇ ನಂಬರಿನ ಸ್ಯಾಂಪಲ್‌ನಲ್ಲಿ ಕ್ಲೋರಾಂಫೆನಿಕಾಲ್ ಸಿಕ್ಕಿತು. ಮಿತಿಗಿಂತ ನಾಲ್ಕು ಪಟ್ಟು. ಅದೇ ರುಬ್ಬಿದ ಸಿಗಡಿಯನ್ನು ಮತ್ತೊಮ್ಮೆ ಹಾಕಿದೆ. ಅದೇ ಅಂಕಿ.

ಸ್ಯಾಂಪಲ್ ಯಾರದೆಂದು ನಮಗೆ ಹೇಳುವುದಿಲ್ಲ, ಲೇಬಲ್ ಮೇಲೆ ನಂಬರು, ಕೊಳದ ಊರು, ಹೋಗುವ ದೇಶ ಇಷ್ಟೇ. ಆದರೆ ಮಂಗಳವಾರ ಯುರೋಪಿಗೆ ಹೋಗುವಂಥದ್ದು ಬಂದಿದ್ದು ಅದೊಂದೇ. ಅದರ ಧಣಿ ಕೇಶವಭಾಯ್ ರಿಸೆಪ್ಷನ್‌ನಲ್ಲೇ ಕೂತಿದ್ದರು. ಓಲ್ಪಾಡ್ ಕಡೆ ಅವರ ಕೊಳಗಳು, ಹಜೀರಾ ಬಂದರಿನಲ್ಲಿ ಅವರ ಕಂಟೇನರ್. ನಾನು ನೀರು ಕುಡಿಯಲು ಹೊರಗೆ ಬಂದಾಗ ಎದ್ದು ನಿಂತು, "ಬೇಟಾ, ನನ್ನ ಕೊಳಕ್ಕೆ ಒಂದು ಹನಿ ಔಷಧಿ ಹಾಕಿಲ್ಲ. ಎಷ್ಟು ಸಲ ಬೇಕಾದರೂ ನೋಡಿ," ಎಂದು ಹಿಂದಿಯಲ್ಲಿ ಹೇಳಿದರು. ನಾನು ಏನೂ ಹೇಳುವಂತಿರಲಿಲ್ಲ. ಈ ರಿಪೋರ್ಟ್ ಹೋದರೆ ಅವರ ಸಿಗಡಿ ಯುರೋಪಿನ ಮುಖ ನೋಡುವುದಿಲ್ಲ.

ಹಿಂದಿನ ದಿನದ ಅಂಕಿಗಳನ್ನೆಲ್ಲ ತೆಗೆದು ಸಾಲಾಗಿ ಇಟ್ಟೆ. ಊಟಕ್ಕೆ ಮುಂಚೆ ರುಬ್ಬಿದವು ಎಲ್ಲ ಚೊಕ್ಕ. ಊಟದ ನಂತರ ಮೊದಲು ರುಬ್ಬಿದ್ದು ನಲವತ್ತೊಂದು. ಆಮೇಲಿನದು ಬೇರೆ ಯಾರದೋ, ಬೇರೆ ಊರಿನ ಸಿಗಡಿ, ಅದರಲ್ಲೂ ಅದೇ ಔಷಧಿ ಚೂರೇ ಚೂರು. ಅದರ ಮುಂದಿನದರಲ್ಲಿ ಇಲ್ಲ. ಅಂದರೆ ಔಷಧಿ ಕೊಳದಿಂದ ಬಂದಿಲ್ಲ. ಊಟ ಮುಗಿಸಿ ಬಂದ ಕೈಯಿಂದ ಬಂದಿದೆ.

ಎಡಗಣ್ಣು ಚುರ್ ಅಂತು.

ಉಳಿದ ಕ್ಯಾಪ್ಸೂಲು ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಇಳಿದೆ. ಬಿಡಿಯಾಗಿ ಕೊಟ್ಟಿದ್ದರು, ಹೆಸರು ಇದ್ದದ್ದು ಅಂಗಡಿಯ ಬಾಟಲಿ ಮೇಲೆ. ಓದಿದೆ. ಕ್ಲೋರಾಂಫೆನಿಕಾಲ್. ದಿನವಿಡೀ ಆ ಹೆಸರನ್ನೇ ಹುಡುಕಿ ಸಂಬಳ ತೆಗೆದುಕೊಳ್ಳುವವಳು ಅದನ್ನೇ ಕಣ್ಣಿಗೆ ಹಾಕಿಸಿಕೊಂಡು, ಮೇಲಿಂದ ನಾಚಿಕೊಂಡು ಕೂತಿದ್ದೆ. ಇಂಥ ಔಷಧಿ ಬಳಸಿದವರು ಸ್ಯಾಂಪಲ್ ಹತ್ತಿರ ಬರಬಾರದು ಎಂದು ಟ್ರೇನಿಂಗ್‌ನಲ್ಲಿ ಹೇಳಿಯೂ ಇದ್ದರು. ನನಗೆ ನನ್ನ ಮೇಲೇ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೋಣೆಗೆ ಬಂದು ಇಂಟರ್‌ಕಾಮ್ ಒತ್ತಿದೆ. "ಭರತೇಶ್, ನಿನ್ನೆ ಮುಲಾಮು ಹಾಕಿದ ಮೇಲೆ ಕೈ ತೊಳ್ಕೊಂಡ್ರಾ?"

ಗಾಜಿನ ಆಚೆ ಅವನು ತನ್ನ ಕೈಯನ್ನೇ ನೋಡಿಕೊಂಡ. "ಇಲ್ರೀ. ಯಾರೋ ಬಂದ್ರು ಅಂತ ಓಡಿ ಬಂದು ಅದ ಬೆರಳಿಲೆ ಗ್ಲೌಸ್ ಹಿಡದು ಹಾಕ್ಕೊಂಡೆ, ಹೊರಗ ಹತ್ತಿರಬೇಕು." ನಾನು ಬಾಟಲಿಯ ಹೆಸರು ಹೇಳಿದೆ. ಅವನು ಸ್ಟೂಲಿನ ಮೇಲೆ ಕೂತುಬಿಟ್ಟ.

ಪ್ರತಿ ಸ್ಯಾಂಪಲ್‌ನ ಇನ್ನೊಂದು ಪ್ಯಾಕೆಟ್ ಸೀಲ್ ಆಗಿ ಫ್ರೀಜರಿನಲ್ಲಿ ಇರುತ್ತದೆ. ಕೇಶವಭಾಯ್‌ಗೆ ಉಳಿದಿದ್ದ ದಾರಿ ಅದೊಂದೇ. ಅಹಮದಾಬಾದ್‌ನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿದ್ದ ನಮ್ಮ ಹೆಡ್ ಆಫೀಸಿಗೆ ಫೋನ್ ಮಾಡಿದೆ. ಗುಣಮಟ್ಟ ನೋಡಿಕೊಳ್ಳುವ ಸುಲೋಚನಾಬೆನ್ ಒಂದೇ ಮಾತು ಹೇಳಿದರು. "ಸೀಲ್ ಒಡೆಯಬೇಕಾದರೆ ತಪ್ಪು ನಮ್ಮದೆಂದು ಲಿಖಿತದಲ್ಲಿ ಬೇಕು, ಕಾರಣ ಸಮೇತ. ಇಬ್ಬರ ಸಹಿ ಇರಲಿ. ಐದು ಗಂಟೆಯೊಳಗೆ ಕಳಿಸಿ, ಇಲ್ಲವಾದರೆ ರಿಪೋರ್ಟ್ ಹೋಗುತ್ತದೆ."

ಭರತೇಶ್ ಫಾರ್ಮ್ ತುಂಬಿ ಪಾಸ್ ಬಾಕ್ಸಿನಲ್ಲಿಟ್ಟ. ಅವನ ಬಾಗಿಲು ಮುಚ್ಚಿದ ಮೇಲೆ ನಾನು ನನ್ನದು ತೆರೆದು ತೆಗೆದುಕೊಂಡೆ. ಅದರಲ್ಲಿ ಬರೆದಿತ್ತು: 'ನನ್ನ ಕಣ್ಣಿಗೆ ನೋವಿತ್ತು. ನಾನೇ ಮುಲಾಮು ಹಾಕಿಕೊಂಡು ಕೈ ತೊಳೆಯದೆ ಸ್ಯಾಂಪಲ್ ಮುಟ್ಟಿದೆ.'

"ಏನ್ರೀ ಇದು?"

"ಓದೀರಲ್ಲ. ಸಹಿ ಮಾಡ್ರಿ."

"ನಿಮ್ಮ ಕಣ್ಣು ಬೆಳ್ಳಗೆ ಚೆನ್ನಾಗೇ ಇದೆ."

"ಅಹಮದಾಬಾದ್‌ನಾಗ ಕುಂತವರಿಗೆ ನನ್ನ ಕಣ್ಣು ಕಾಣಂಗಿಲ್ಲ ಬಿಡ್ರಿ. ಕೈ ತೊಳೀಲಾರದ್ದು ನಾನ. ನೌಕರಿ ಹೋದ್ರ ನನ್ನೊಬ್ಬಂದ ಹೋಗ್ಲಿ. ನಿಮ್ಮ ಹೆಸರು ಯಾಕ ನಡುವ?"

"ಕಣ್ಣು ನಂದಲ್ವಾ?"

"ಹಂಗ ಬರದ್ರ, ಆಕಿ ಕಣ್ಣಿಗೆ ನೀ ಯಾಕ ಹಾಕಿದಿ ಅಂತ ಕೇಳ್ತಾರ್ರೀ."

"ಕೇಳ್ಲಿ."

"ಆವಾಗ ಏನ್ ಹೇಳ್ಲಿ?"

ನಾನು ಗೋಡೆಯ ಕಡೆ ನೋಡಿದೆ. ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ಸಹಿ ಹಾಕಿದರೆ ಸೀಲ್ ಒಡೆಯುತ್ತಾರೆ, ಕೇಶವಭಾಯ್ ಬದುಕಿಕೊಳ್ಳುತ್ತಾರೆ, ನನ್ನ ಕೆಲಸಕ್ಕೂ ಏನೂ ಆಗುವುದಿಲ್ಲ. ಸುಲಭವಾದ ದಾರಿ. ಆದರೆ ಕಣ್ಣಾರೆ ಕಾಣದ ಅಂಕಿಗೆ ನಾನು ಒಂದು ದಿನವೂ ಸಹಿ ಹಾಕಿದವಳಲ್ಲ. ಅದಕ್ಕಿಂತ ಹೆಚ್ಚಾಗಿ ನನಗೆ ನೋವಾದದ್ದು ಬೇರೆ. ಈ ಕಾಗದಕ್ಕೆ ಸಹಿ ಬಿದ್ದರೆ ಭರತೇಶ್ ಹೋಗಿಬಿಡುತ್ತಾನೆ, ಅವನು ನನ್ನ ಕೆನ್ನೆ ಮುಟ್ಟಿದ್ದು ನಡೆದೇ ಇಲ್ಲವೆಂದಾಗುತ್ತದೆ. ಎಂಟು ತಿಂಗಳಲ್ಲಿ ನನಗೆ ಸಿಕ್ಕಿದ್ದೇ ಅದೊಂದು. ಅದನ್ನೂ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅವನು ಬರೆದದ್ದಕ್ಕೆ ಅಡ್ಡಗೆರೆ ಎಳೆದೆ. ಕೆಳಗೆ ಬರೆದೆ: 'ಕಣ್ಣು ನನ್ನದು, ಎಡಗಣ್ಣು. ಮಂಗಳವಾರ ಮಧ್ಯಾಹ್ನ 1.20ಕ್ಕೆ ಊಟದ ಕೋಣೆಯಲ್ಲಿ ಭರತೇಶ್ ಮುಲಾಮು ಹಾಕಿದರು. ಔಷಧಿಯ ಹೆಸರನ್ನು ಇಬ್ಬರೂ ಓದಿರಲಿಲ್ಲ.'

ಫಾರ್ಮಿನ ಕೊನೆಯಲ್ಲಿ ಆ ಹಳೇ ಪ್ರಶ್ನೆ ಇತ್ತು. ಇಬ್ಬರ ನಡುವೆ ಯಾವುದಾದರೂ ಸಂಬಂಧ ಇದೆಯೇ? 'ಹೌದು' ಎಂದು ಟಿಕ್ ಮಾಡಿದೆ. ಇದ್ದರೆ ವಿವರಿಸಿ ಎಂಬಲ್ಲಿ ಏನೂ ಬರೆಯದೆ ಬಾಕ್ಸಿನಲ್ಲಿಟ್ಟು ಬಾಗಿಲು ಮುಚ್ಚಿದೆ.

ಅವನು ತೆಗೆದು ಓದಿದ. ಇನ್ನೊಮ್ಮೆ ಓದಿದ. ಇಂಟರ್‌ಕಾಮ್ ಒತ್ತಿದ.

"ಕೆಳಗ ಖಾಲಿ ಬಿಟ್ಟೀರಿ."

"ಅದು ನನ್ನೊಬ್ಬಳಿಗೇ ಗೊತ್ತಿರೋ ವಿಷಯ ಅಲ್ಲ. ನೀವು ತುಂಬಿ."

"ತುಂಬಿದ್ರ ನನ್ನ ಈ ಊರಾಗ ಇಡಂಗಿಲ್ರೀ."

"ಗೊತ್ತು."

ಅವನು ಗ್ಲೌಸ್ ತೆಗೆದ. ಸಿಂಕಿನ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ಕೈ ತೊಳೆದ. ಪೆನ್ ಹಿಡಿದು ಎರಡೇ ಸಾಲು ಬರೆದ. ಸಹಿ ಹಾಕಿದ. ಬಾಕ್ಸಿನಲ್ಲಿಟ್ಟ. ಅವನ ಬಾಗಿಲು ಮುಚ್ಚಿ ನನ್ನ ಕಡೆ ಹಸಿರು ದೀಪ ಹತ್ತುವ ಮೊದಲೇ ನಾನು ಬಾಗಿಲಿನ ಹಿಡಿ ಎಳೆಯುತ್ತಿದ್ದೆ.

ಆಫೀಸಿನ ಇಂಗ್ಲಿಷಿನಲ್ಲಿ, ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಮದುವೆಯಾಗುವ ಉದ್ದೇಶವಿದೆ. ಎದುರಿನವರನ್ನು ಇನ್ನೂ ಕೇಳಿಲ್ಲ.'

ಅದರ ಕೆಳಗೆ ನನ್ನ ಸಹಿಯ ಜಾಗ. 'ಮೇಲಿನ ವಿವರಗಳನ್ನು ಪರಿಶೀಲಿಸಿದ್ದೇನೆ, ಸರಿಯಾಗಿವೆ.'

ಎರಡೂ ಕಣ್ಣಲ್ಲಿ ನೀರು ಬಂತು. ಬಲಗಣ್ಣಿಗೆ ಯಾವ ಬೇನೆಯೂ ಇರಲಿಲ್ಲ.

"ಇದೇನು ಕೇಳೋ ರೀತಿನಾ?" ಅಂದೆ.

"ಫಾರ್ಮ್‌ನಾಗ ಬರದ ಸುಳ್ಳಿಗೆ ಗೆರಿ ಎಳದವರು ನೀವ."

"ಹಾಗಾದ್ರೆ ಈಗ ಕೇಳಿ. ಕೇಳದೆ ಇದ್ರೆ 'ಕೇಳಿಲ್ಲ' ಅನ್ನೋ ಎರಡನೇ ಸಾಲು ಸರಿ ಅಂತ ನಾನು ಸಹಿ ಹಾಕ್ಬಿಡ್ತೀನಿ ನೋಡಿ."

ಅವನು ಮಾಸ್ಕ್ ಕೆಳಗೆ ಎಳೆದು ಗಾಜಿಗೆ ಹಣೆ ಹಚ್ಚಿದ. "ಚಿನ್ಮಯಿ, ನನ್ನ ಮದುವಿ ಆಗ್ತೀರೇನ್ರೀ?"

'ಇನ್ನೂ ಕೇಳಿಲ್ಲ' ಎಂಬುದನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ಬರೆದೆ: 'ಕೇಳಿದ್ದಾರೆ. ಒಪ್ಪಿಗೆ ಇದೆ.' ಸಹಿ ಹಾಕಿ, ತಾರೀಖು ಹಾಕಿ, ಸಮಯ 4.50 ಎಂದು ನಮೂದಿಸಿ, ಫಾರ್ಮನ್ನು ಗಾಜಿಗೆ ಹಿಡಿದು ತೋರಿಸಿದೆ. ಅವನು ಓದಿ ಹುಬ್ಬು ಹಾರಿಸಲಿಲ್ಲ. ಮುಖ ಮುಚ್ಚಿಕೊಂಡು ನಿಂತ, ಅಷ್ಟೇ.

ಫಾರ್ಮ್ ಐದರೊಳಗೆ ಅಹಮದಾಬಾದಿಗೆ ಹೋಯಿತು. ಮರುದಿನ ಸುಲೋಚನಾಬೆನ್ ಇನ್ನೊಬ್ಬ ಕೆಲಸಗಾರನನ್ನು ಕರೆದುಕೊಂಡು ಬೆಳಗಿನ ಟ್ರೈನಿಗೆ ಬಂದಿಳಿದರು. ಸೀಲ್ ಒಡೆದರು. ರುಬ್ಬಿದ್ದು, ಓದಿದ್ದು ಎಲ್ಲ ಹೊಸಬನೇ. ನಮ್ಮಿಬ್ಬರನ್ನೂ ಹೊರಗೆ ಕೂರಿಸಿದ್ದರು. ಸಂಜೆ ಅಂಕಿ ಬಂತು. ಔಷಧಿ ಇಲ್ಲ. ಕೇಶವಭಾಯ್ ರಿಸೆಪ್ಷನ್‌ನಲ್ಲೇ ಕೈಮುಗಿದು ಕಣ್ಣು ಮುಚ್ಚಿಕೊಂಡರು. ಆಮೇಲೆ ಎಲ್ಲರಿಗೂ ಘಾರಿ ಮಿಠಾಯಿ ತರಿಸಿದರು. ಗಿರಾಕಿಯ ಕೈಯಿಂದ ನಾವು ಏನೂ ತೆಗೆದುಕೊಳ್ಳುವಂತಿರಲಿಲ್ಲ. ಅವರ ಡ್ರೈವರ್ ತಿಂದ.

ಸುಲೋಚನಾಬೆನ್ ಫಾರ್ಮನ್ನು ಮೂರು ಸಲ ಓದಿ ಕನ್ನಡಕ ತೆಗೆದಿಟ್ಟರು. "ಇಪ್ಪತ್ತೆರಡು ವರ್ಷದಲ್ಲಿ ಈ ಖಾನೆಯಲ್ಲಿ ಇಂಥದ್ದನ್ನು ಯಾರೂ ಬರೆದಿರಲಿಲ್ಲ," ಅಂದರು. ನಗಲಿಲ್ಲ. ನಿಜ ಬರೆದದ್ದಕ್ಕೆ ಕೆಲಸ ಉಳಿಯಿತು. ಭರತೇಶ್‌ಗೆ ಎಚ್ಚರಿಕೆ ಪತ್ರ, ವಡೋದರಾ ಶಾಖೆಗೆ ವರ್ಗ. ನನಗೆ ಮೂರು ತಿಂಗಳು ಸಹಿ ಹಾಕುವ ಹಾಗಿಲ್ಲ. ಹೋಗುವಾಗ ಮಾತ್ರ ನನ್ನ ಗಲ್ಲ ಹಿಡಿದು ಕಣ್ಣು ನೋಡಿ, "ಈಗಲಾದರೂ ಡಾಕ್ಟರಿಗೆ ತೋರಿಸಿದೆಯಾ ಬೇಟಾ?" ಎಂದು ಕೇಳಿದರು.

ಸೋಮವಾರದಿಂದ ಪಾಸ್ ಬಾಕ್ಸಿನ ಆಚೆ ಬೇರೆ ಎರಡು ಕಣ್ಣು. ಅವು ನನ್ನ ಕಡೆ ನೋಡುತ್ತಿರಲಿಲ್ಲ. ಅದೇ ಕೋಣೆ, ಅದೇ ಗುಂಯ್ ಸದ್ದು. ಟ್ಯೂಬು ಎಣಿಸುತ್ತಾ ಭಾನುವಾರಕ್ಕೆ ಎಷ್ಟು ದಿನ ಎಂದು ಎಣಿಸುವುದನ್ನು ಕಲಿತೆ.

ಭಾನುವಾರ ವಡೋದರಾ ಸ್ಟೇಷನ್ನಿನಲ್ಲಿ ಇಳಿದಾಗ ಅವನು ಟೀ ಅಂಗಡಿಯ ಪಕ್ಕ ನಿಂತಿದ್ದ. ಟೋಪಿ ಇಲ್ಲ, ಮಾಸ್ಕ್ ಇಲ್ಲ. ಆ ಹೊಸ ಶಾಖೆಯಲ್ಲಿ ಅವನಿಗೆ ಎಳ್ಳು ಮತ್ತು ಜೀರಿಗೆ ರುಬ್ಬುವ ಕೆಲಸ ಕೊಟ್ಟಿದ್ದರು. ಅಜ್ಜಿಗೆ ಅದನ್ನು ಧೈರ್ಯವಾಗಿ ಹೇಳಿದನಂತೆ. ನನ್ನ ವಿಷಯ, ಮೀನಿನ ಸಾರಿನ ವಿಷಯ ಇನ್ನೂ ಹೇಳಿರಲಿಲ್ಲ. ನಮ್ಮ ಮನೆಯಲ್ಲೂ ನಾನು ಹೇಳಿರಲಿಲ್ಲ. ಅಲ್ಲಿ ಯಾವ ಗಾಜು ಎದುರಾಗುತ್ತದೋ ಎಂಬ ಭಯ ಇಬ್ಬರಿಗೂ ಇತ್ತು.

ಅವನು ಹತ್ತಿರ ಬಂದು ಕೈ ಚಾಚಿದ, ಅರ್ಧದಲ್ಲೇ ನಿಲ್ಲಿಸಿದ.

"ಕೈ ತೊಳ್ಕೊಂಡ್ಯಾ?" ಅಂದೆ. ಮೊದಲ ಸಲ ಏಕವಚನ. ಬಾಯಿಗೆ ತಾನಾಗಿ ಬಂತು.

"ಇಲ್ಲ," ಅಂದ. "ಇವತ್ತ ಭಾನುವಾರ ಅದ."

ಅಷ್ಟು ಜನರ ನಡುವೆ ನನ್ನ ಕೈ ಹಿಡಿದುಕೊಂಡ. ಸೂರತ್‌ಗೆ ವಾಪಸ್ ಟ್ರೈನು ಐದೂವರೆಗಿತ್ತು. ಅಲ್ಲಿವರೆಗೂ ಬಿಡಲಿಲ್ಲ.