ಒಂದೇ ಮುರಿತಕ್ಕೊಂದು ಮಂತ್ರ

“ಮೇಡಂ, ನನ್ ರಿಪೇರಿ ಮಂತ್ರ ಎಣದ್ ಮೇಲೆ ನಡೀತದಾ?”

ನಂಜುಂಡಸ್ವಾಮಿ ಕೇಳಿದ್ದು ಇಷ್ಟೇ. ವಿಭಾ ತಲೆಯೆತ್ತಿದಳು. ಅವನ ಕಣ್ಣು ನೇರವಾಗಿ ಅವಳ ಮೇಲಿತ್ತು... ಆಟದಲ್ಲಿ ಯಾರೂ ಹಾಗೆ ನೋಡುವುದಿಲ್ಲ.

ನಂಜನಗೂಡಿನ ಸುಪ್ರೀತನ ಮನೆಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ವರು ಸೇರುತ್ತಿದ್ದರು. ಕೈಯಲ್ಲಿ ದಾಳ, ಎದುರಿಗೆ ಕಾಗದ, ನಡುವೆ ಕೋಡುಬಳೆ ತಟ್ಟೆ. ವಿಭಾ ಕಥೆ ನಡೆಸುವವಳು. ಉಳಿದ ಮೂವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಓಡಾಡುವವರು. ಟಿ. ನರಸೀಪುರದಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾ, ಅಲ್ಲಿಂದ ಬಸ್ಸಿನಲ್ಲಿ ಬರುವ ನಂಜುಂಡಸ್ವಾಮಿ ಸೇರಿ ಮೂರು ತಿಂಗಳಾಗಿತ್ತು. ಅವನ ಪಾತ್ರ ಒಬ್ಬ ಕಮ್ಮಾರ. ಆ ಕಮ್ಮಾರನಿಗೆ ಬರುತ್ತಿದ್ದದ್ದು ಒಂದೇ ಪುಟ್ಟ ಮಂತ್ರ: ವಸ್ತು ಒಂದೇ ಕಡೆ ಮುರಿದಿದ್ದರೆ ಅದನ್ನು ಕೂಡಿಸುವುದು.

ಅವತ್ತಿನ ಕಥೆಯಲ್ಲಿ, ಕಳೆದುಹೋಗಿದ್ದ ಮುದುಕಿ ವೈದ್ಯೆಯ ಅಸ್ಥಿಪಂಜರ ಗುಹೆಯಲ್ಲಿ ಸಿಕ್ಕಿತ್ತು. ತೋಳಿನ ಮೂಳೆ ಮುರಿದಿತ್ತು.

“ಹೆಣ ಅಂದ್ರೆ ವಸ್ತುನಾ ವಿಭಾ? ಮನುಷ್ಯರ ಮೇಲೆ ಮಂತ್ರ ನಡಿಯಲ್ಲ ಅಂತಿದ್ಯಲ್ಲ,” ಎಂದ ಸುಪ್ರೀತ.

“ಉಸಿರು ಹೋದ್ಮೇಲೆ ವಸ್ತುನೇ ಕಣೋ,” ದಿವ್ಯ ಬಿಡಲಿಲ್ಲ.

“ಒಂದೇ ಕಡೆ ಮುರ್ದದೆ,” ನಂಜುಂಡಸ್ವಾಮಿ ಮೆಲ್ಲಗೆಂದ. “ನೀವು ಯೋಳಿ ಮೇಡಂ.”

ವಿಭಾ ಆಟದ ನಿಯಮದ ಪುಸ್ತಕ ತಿರುವಿದಳು. ನಿಯಮ ‘ವಸ್ತು’ ಎಂಬಲ್ಲಿಗೇ ನಿಂತುಬಿಟ್ಟಿತ್ತು, ಹೆಣದ ಮಾತೇ ಇರಲಿಲ್ಲ. ಮೂವರೂ ಕಾಯುತ್ತಿದ್ದರು. ಗೊತ್ತಿಲ್ಲ ಅನ್ನಲು ನಾಲಿಗೆ ಬರಲಿಲ್ಲ.

ಗೊತ್ತಿಲ್ಲದಾಗಲೆಲ್ಲ ಅವಳು ಮಾಡುವುದು ಒಂದೇ. ಇನ್ನೊಬ್ಬರ ದನಿಯೊಳಗೆ ನುಸುಳಿಬಿಡುವುದು.

“ಎಣ ರಿಪೇರಿ ಆಯ್ತದೆ ಸಾ,” ಎಂದಳು, ಥೇಟ್ ನಂಜುಂಡಸ್ವಾಮಿಯ ದನಿಯಲ್ಲಿ, ಕತ್ತು ಅವನಂತೆಯೇ ವಾರೆ ಮಾಡಿ. “ಆರ್ ತಿಂಗ್ಳು ಗ್ಯಾರಂಟಿ ಕಣ್ರೀ. ಮತ್ತೆ ಸತ್ರೆ ವಾಪಸ್ ತನ್ನಿ...”

ದಿವ್ಯ ನಕ್ಕು ನಕ್ಕು ಮೇಜು ಬಡಿದಳು. ನಂಜುಂಡಸ್ವಾಮಿಯೂ ನಕ್ಕ. ನಗುತ್ತಲೇ ತನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

“ಬಸ್ಸಿಗೆ ಒತ್ತಾಯ್ತು.”

ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಮೂರನೆಯ ವಾರ ಖಾಲಿ ಕುರ್ಚಿ ನೋಡುತ್ತಾ ಸುಪ್ರೀತ ಹೇಳಿದ:

“ಅವರಮ್ಮ ತೀರ್ಕೊಂಡು ನಾಲ್ಕೈದು ತಿಂಗಳಾಯ್ತಷ್ಟೆ. ಮನಸ್ಸು ಹಗುರಾಗ್ಲಿ ಅಂತ ನಾನೇ ಆಟಕ್ಕೆ ಕರ್ಕೊಂಡು ಬಂದಿದ್ದು. ನಿಂಗೆ ಹೇಳಿರ್ಲಿಲ್ವಾ?”

ವಿಭಾಳ ಕಿವಿ ಕಾದವು. ‘ಮತ್ತೆ ಸತ್ರೆ ವಾಪಸ್ ತನ್ನಿ...’ ತನ್ನ ಬಾಯಿಂದಲೇ ಬಂದ ಮಾತು. ಅದೂ ಅವನದೇ ದನಿಯಲ್ಲಿ!

ಮರುದಿನ ನರಸೀಪುರದ ಬಸ್ಸಿನಲ್ಲಿ ಕೂತು ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದಳು. ಮೊದಲು ಟಿವಿಯಲ್ಲಿ ಸುದ್ದಿ ಓದುವವಳ ದನಿ. ಆಮೇಲೆ ತನ್ನ ಸಂಸ್ಕೃತ ಮೇಷ್ಟ್ರದು. ತಗಡೂರಿನ ಅತ್ತೆಯದು. ಎಲ್ಲರೂ ಚೆನ್ನಾಗಿಯೇ ಕ್ಷಮೆ ಕೇಳಿದರು, ವಿಭಾ ಒಬ್ಬಳನ್ನು ಬಿಟ್ಟು.

ಬಸ್ ಸ್ಟ್ಯಾಂಡಿನ ಹಿಂದೆ ಅವನ ಮಿಕ್ಸಿ ರಿಪೇರಿ ಅಂಗಡಿ. ಬಾಗಿಲಲ್ಲಿ ಜಾರ್ ಹಿಡಿದು ಕೂತಿದ್ದ ಗಿರಾಕಿ ಸಾಕಮ್ಮ ಇವಳನ್ನು ಮೇಲಿಂದ ಕೆಳಗೆ ನೋಡಿದರು.

“ಏನವ್ವಾ, ನಿಂದೂ ಬ್ಲೇಡ್ ಓಗ್ಬುಟ್ಟದಾ?”

“ಬ್ಲೇಡಲ್ಲ, ನಾಲಿಗೆ ಅಮ್ಮ,” ಎಂದುಬಿಟ್ಟಳು ವಿಭಾ.

ಒಳಗೆ ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಂತಿತು. ನಂಜುಂಡಸ್ವಾಮಿ ಮೊದಲು ಸಾಕಮ್ಮನ ಜಾರ್ ಸರಿಮಾಡಿ ಕಳಿಸಿದ. ಆಮೇಲೆ ಸ್ಟೂಲ್ ಒರೆಸಿ ಅವಳತ್ತ ಸರಿಸಿದ.

“ನಿಮ್ಮಮ್ಮನ ವಿಷ್ಯ ನಂಗೆ ಗೊತ್ತಿರ್ಲಿಲ್ಲ...”

“ಬುಡಿ ಮೇಡಂ. ನೀವು ಮಾಡಿದ್ದು ಚೆನ್ನಾಗೇ ಇತ್ತು.” ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ಆದ್ರೆ ಅದು ನನ್ ದನಿ ಅಲ್ಲ. ನಾನ್ ಮಾತಾಡದೇ ಅವ್ವನಂಗೆ. ನೀವು ಅಂಗಂದಾಗ... ಅವ್ವನೇ ನಗಾಡ್ದಂಗಾಯ್ತು.”

ವಿಭಾಳಿಗೆ ನೆಲ ನೋಡುವುದಕ್ಕೂ ನಾಚಿಕೆಯಾಯಿತು.

“ಮೂರ್ನೇ ದಿನ ಸುಡುಗಾಡಲ್ಲಿ ಬೂದಿಯಿಂದ ಅವ್ವನ ಮೂಳೆ ಆಯ್ತಿದ್ದೊ,” ಎಂದ ಅವನು, ತನಗೇ ಹೇಳಿಕೊಳ್ಳುವವನಂತೆ. “ಸಂಗಮದ ನೀರಲ್ಲಿ ಬುಡಕ್ಕೆ. ನನ್ ಕೈಲಿ ಒಂದು ಮುರ್ದೋಯ್ತು. ತೋಳಿಂದು. ‘ಊರೋರ್ ಮುರುಕ್ಲೆಲ್ಲಾ ಕೂಡುಸ್ತೀಯ, ಅವ್ವನ್ನೇ ಮುರುದ್ಯಲ್ಲೋ’ ಅಂದ್ರು ದೊಡ್ಡಪ್ಪ, ಎಲ್ರ ಮುಂದೆ.”

ಅದಕ್ಕೇ ಅವತ್ತು ಆ ಪ್ರಶ್ನೆ ಕೇಳಿದ್ದ. ಎಲ್ಲರ ಎದುರು, ಕಮ್ಮಾರನೊಬ್ಬನ ಮರೆಯಲ್ಲಿ ನಿಂತು. ತಾನು ದನಿಗಳ ಮರೆಯಲ್ಲಿ ನಿಲ್ಲುವಂತೆ.

“ಅವ್ವ ಎದ್ ಬರ್ಲಿ ಅಂತಲ್ಲ ಮೇಡಂ. ಮೋಟ್ರು ಸುಟ್ಟೋದ್ಮೇಲೆ ಹಿಡಿ ಕೂಡ್ಸಿದ್ರೆ ಮಿಕ್ಸಿ ಓಡ್ತದಾ? ನಂಗೊತ್ತಿಲ್ವಾ ಅದು? ಓಡ್ಲಿ ಅಂತ ಕೇಳ್ಲಿಲ್ಲ. ಕೂಡ್ಲಿ ಅಂತ ಕೇಳ್ದೆ.”

ವಿಭಾ ಬ್ಯಾಗಿನಿಂದ ನಿಯಮದ ಪುಸ್ತಕ ತೆಗೆದಳು. ತೆಗೆದು, ಮುಚ್ಚಿಯೇ ಇಟ್ಟಳು.

“ಇದ್ರಲ್ಲಿ ಉತ್ತರ ಇಲ್ಲ. ಅವತ್ತೂ ಇರ್ಲಿಲ್ಲ. ಗೊತ್ತಿಲ್ಲ ಅನ್ನಕ್ಕೆ ನಾಚ್ಕೊಂಡು ನಿಮ್ಮನ್ನ ನಗೆಪಾಟಲು ಮಾಡಿದೆ. ಪುಸ್ತಕ ಸುಮ್ಮನಿದ್ದಾಗ ಕಥೆ ನಡೆಸೋರು ತೀರ್ಮಾನ ಹೇಳ್ಬೇಕು.”

“ಯೋಳಿ ಮತ್ತೆ.”

“ಕೂಡುತ್ತೆ. ಒಂದೇ ಮುರಿತ ಅಲ್ವಾ... ಕೂಡುತ್ತೆ.”

ಅವನು ತನ್ನ ಅಂಗೈ ನೋಡಿಕೊಂಡ.

“ದಾಳ ಆಕ್‌ಬೇಕಾ?”

“ಇದಕ್ಕೆ ದಾಳ ಬೇಡ.”

ಅವನು ಅಂಗಿ ಜೇಬಿನಿಂದ ಕಾಗದ ತೆಗೆದ. ಆ ನಾಲ್ಕು ಮಡಿಕೆಯ ಕಾಗದವೇ! ಕಮ್ಮಾರನ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಬರೆದ: ‘ಕೂಡಿತು’. ಅಕ್ಷರ ಸೊಟ್ಟಗಿದ್ದವು. ವಿಭಾ ಕಣ್ಣು ಒರೆಸಿಕೊಂಡಳು.

“ಭಾನುವಾರ ಬರ್ತೀರಾ?”

“ಯಾರು ಕರೀತಿರದು? ಕಥೆ ಮೇಡಮ್ಮಾ?”

ಸುದ್ದಿ ಓದುವವಳು ಗಂಟಲಿಗೆ ಬಂದಳು. ಮೇಷ್ಟ್ರು ಬಂದರು. ವಿಭಾ ಅವರನ್ನೆಲ್ಲ ವಾಪಸ್ ಕಳಿಸಿದಳು. ಉಳಿದ ದನಿ ಸಣ್ಣದಿತ್ತು, ಸ್ವಲ್ಪ ಒಡೆದಿತ್ತು.

“ವಿಭಾ ಕರೀತಿದ್ದಾಳೆ. ನಿಮ್ಮ ಬಸ್ ಬರೋ ಹೊತ್ತಿಗೆ ಮಹಡಿ ಕಿಟಕೀಲಿ ನಿಂತಿರ್ತೀನಿ ನಾನು. ಈ ಮೂರು ವಾರದಿಂದಲ್ಲ... ಮೊದಲಿಂದ.”

ಅವನು ಕತ್ತು ವಾರೆ ಮಾಡಿ ನಕ್ಕ. ಈ ಸಲ ಕಣ್ಣೂ ನಕ್ಕಿತು.

“ನಂಗೊತ್ತು. ಅದ್ಕೇ ಬಸ್ಸಿಳ್ದು, ಲೈಟ್ ಕಂಬದ ಮರೇಲಿ ನಿಂತ್ಕಂಡು, ತಲೆ ಬಾಚ್ಕಂಡ್ ಬತ್ತಿದ್ದೆ.”

“ಅದೂ ಕಾಣ್ತಿತ್ತು,” ಎಂದಳು ವಿಭಾ, ತನ್ನದೇ ದನಿಯಲ್ಲಿ.