ಸೋಮೇಶಣ್ಣ ಕೇಳಿದ ಐಸ್

ಇದನ್ನು ಡೈರಿಯಲ್ಲಿ ಬರೆದದ್ದು ಬಿಟ್ಟರೆ ಯಾರಿಗೂ ಹೇಳಿಲ್ಲ.

ಅಣ್ಣ ಸೋಮೇಶ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಪ್ರವಾಸಿಗರ ದೋಣಿ ನಡೆಸುತ್ತಿದ್ದ. ಅವನು ಜ್ವರದಿಂದ ತೀರಿಕೊಂಡ ಮೇಲೆ ದೋಣಿಯನ್ನು ನಮ್ಮೂರು ಕುಂಭಾರಿಯ ಮನೆಯಂಗಳಕ್ಕೆ ತಂದು, ಬ್ಯಾಟರಿ ತೆಗೆದಿಟ್ಟೆವು. ಕೊಳ್ಳಲು ಬಂದವರು, ದೋಣಿಯೊಳಗೇ ಕೂಡಿಸಿರುವ ಐಸ್ ಮಷಿನ್ನು ರಿಪೇರಿಯಾಗಬೇಕು, ಇಲ್ಲವೇ ಹೊಸದು ಬೇಕು ಎಂದರು.

ಮೊನ್ನೆ ಮಧ್ಯಾಹ್ನ ಮೆಕ್ಯಾನಿಕ್ ಕಲ್ಯಾಣಪ್ಪ ಕಾಕಾ ಬಂದು ಬಿಚ್ಚಿ ನೋಡಿದರು.

"ಗ್ಯಾಸ್ ಇಲ್ಲ, ಕಂಪ್ರೆಸರ್ ಸತ್ತೈತಿ. ಇನ್ನ ಇದರಾಗ ಅರಿಬಿ ಮಡಚಿ ಇಡಬೇಕಷ್ಟ. ಹೊಸಾದು ಕೂಡಸೂಣು, ತಂಗಿ."

ಅವರು ಚಹಾಕ್ಕೆ ಕುಳಿತಾಗ ದೋಣಿಯೊಳಗೆ ಟಕ್, ಟಕ್, ಟಕ್ ಎಂದಿತು. ಅಣ್ಣ ಕೊನೆಯ ದಿನಗಳಲ್ಲಿ ಸ್ಟೀಲ್ ಲೋಟವನ್ನು ಮಂಚಕ್ಕೆ ಬಡಿಯುತ್ತಿದ್ದದ್ದು ಹಾಗೆಯೇ, ಮೂರು ಸಲ.

"ಒಂದ ಚೂರು ಐಸ್ ಕೊಡು, ಪ್ರಣಿ," ಎಂದು ಆಗ ನನ್ನನ್ನು ಕೇಳುತ್ತಿದ್ದ.

"ಜ್ವರದಾಗ ಥಂಡಿ ಕೊಟ್ರ ಸನ್ನಿ ಆಗತೈತಿ," ಎಂದು ಅವ್ವ ತಡೆದಿದ್ದಳು. ನಾನು ಪ್ರತಿ ಸಲವೂ ಬಿಸಿನೀರನ್ನೇ ಕೊಟ್ಟಿದ್ದೆ.

ಹೋಗಿ ನೋಡಿದರೆ ಮಷಿನ್ನಿನ ತಟ್ಟೆಯಲ್ಲಿ ಮೂರು ಐಸ್ ತುಂಡುಗಳಿದ್ದವು. ಹೊರಗೆ ಸುಡುಬಿಸಿಲು, ದೋಣಿಯೊಳಗೆ ನನ್ನ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಕಾಕಾ ಬಗ್ಗಿ ನೋಡಿ, ಪಾನಾ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡರು.

"ಇದಕ್ಕ ನಾ ಕೈ ಹಚ್ಚಂಗಿಲ್ಲವಾ," ಎಂದವರು ಚಹಾ ಅರ್ಧಕ್ಕೇ ಬಿಟ್ಟು ಹೋದರು.

ಆ ತುಂಡುಗಳನ್ನು ಅಣ್ಣನ ಲೋಟಕ್ಕೆ ಹಾಕಿ, ಅವನ ಖಾಲಿ ಮಂಚದ ಪಕ್ಕದಲ್ಲಿಟ್ಟೆ. ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಹೊಸ್ತಿಲಲ್ಲೇ ಕುಳಿತೆ.

ಈಗ ಮಷಿನ್ನು ರಿಪೇರಿಯೂ ಬೇಡ, ಹೊಸದೂ ಬೇಡ, ದೋಣಿ ಮಾರುವುದೇ ಬೇಡ ಎಂದು ಅವ್ವನಿಗೆ ಹೇಳಿದ್ದೇನೆ. ಕಾರಣ ಹೇಳಿಲ್ಲ.

ಅಂದು ಸಂಜೆ ಬಾಗಿಲು ತೆರೆದಾಗ ಲೋಟ ಒಣಗಿತ್ತು. ಅಣ್ಣನ ದಿಂಬು ಒದ್ದೆಯಾಗಿತ್ತು.