ಕರಿಗಲ್ಲಿನ ಮೇಲಿನ ಕಾಯಿ

"ಚಪ್ಪಲಿ ಬಿಚ್ಚು ಅಂತಾಳ ನೋಡು" ಎಂದ ಮುತ್ಯಾ.

"ನಾ ಬಿಚ್ಚಂಗಿಲ್ಲ. ಹೊಸಾವು. ಅವ್ವಗ ತೋರಸಬೇಕಾಗ್ಯಾದ" ಎಂದಳು ಅನುಸೂಯಾ.

ಘಾಟಿನ ಕಾಲುದಾರಿಯಲ್ಲಿ ಹತ್ತು ಹೆಜ್ಜೆ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಸೀತಾಫಲದ ಬುಟ್ಟಿ. ಒಂದು ಕೈಯಲ್ಲಿ ಬಡಿಗೆ. ಆಕೆ ತನ್ನ ಬರಿಗಾಲು ಎತ್ತಿ ತೋರಿಸಿ, ಜಾರಿ ಬೀಳುವ ಹಾಗೆ ಕೈ ಮಾಡಿ, "ಚಪ್ಪಲ್ ನಕ್ಕೋ, ಬೇಟಾ. ಗಿರ್‌ತೀ" ಎಂದಳು.

ಆಕೆಯ ಹೆಸರು ಚಾಂದಬೀ. ಗುಡ್ಡದ ಬುಡದ ಹಳ್ಳಿಯವಳು. ಬೀದರಿನ ಪೇಟೆಗೆ ಹಣ್ಣು ಮಾರಲು ಹೊರಟಿದ್ದಳು. ಗುಡ್ಡದ ಕೆಳಗೆ ಮುತ್ಯಾ ಆಕೆಯನ್ನೇ ದಾರಿ ಕೇಳಿದ್ದ. ಅವನಿಗೆ ಬರುತ್ತಿದ್ದ ಉರ್ದು ಎಲ್ಲ ಸೇರಿ ನಾಲ್ಕು ಮಾತು. ಆಕೆಗೆ ಬರುತ್ತಿದ್ದ ಕನ್ನಡವೂ ಅಷ್ಟೇ.

ಅನುಸೂಯಾ ಮಾತ್ರ ಆಕೆಯ ಜತೆ ಒಂದು ಮಾತೂ ಆಡಿರಲಿಲ್ಲ. ಹೈದರಾಬಾದಿನಲ್ಲಿ ಪೊಲೀಸ್ ಆಕ್ಷನ್ ಆಗಿ ಹದಿನೈದು ದಿನ ಕಳೆದಿತ್ತು. ನಿಜಾಮರ ರಾಜ್ಯ ಹೋಯಿತು ಎಂದು ಅವರ ಊರು ಭಾತಂಬ್ರಾದಲ್ಲಿ ದೊಡ್ಡವರು ಹೇಳುತ್ತಿದ್ದರು. ಆಮೇಲೆ ಬಾಗಿಲು ಮುಚ್ಚಿಕೊಂಡು "ಅವರು ಹಂಗ, ನಾವು ಹಿಂಗ" ಎಂದು ಪಿಸುಗುಡುತ್ತಿದ್ದರು. ಅದನ್ನು ಕೇಳಿ ಕೇಳಿ ಅನುಸೂಯಾಳಿಗೆ ಭಯ ಕೂತಿತ್ತು. ಮುತ್ಯಾನ ಧೋತರದ ಚುಂಗನ್ನು ಅವಳು ಬಿಟ್ಟಿರಲಿಲ್ಲ.

ಚಾಂದಬೀಯೂ ಆಗಾಗ ಹಿಂತಿರುಗಿ ನೋಡುತ್ತಿದ್ದಳು. ಇಷ್ಟು ದಿನ ಆಕೆ ಮನೆಯ ಹೊಸ್ತಿಲು ದಾಟಿರಲಿಲ್ಲವಂತೆ. ಇವತ್ತೇ ಮೊದಲು.

ಅನುಸೂಯಾಳ ಅವ್ವ ಶ್ರಾವಣದಲ್ಲೇ ಹೆರಿಗೆಗೆಂದು ತವರಿಗೆ, ಬೀದರಿನ ಚಿದ್ರಿಗೆ ಹೋಗಿದ್ದಳು. ಆಮೇಲೆ ಈ ಗದ್ದಲ. ಮೋಟಾರು ನಿಂತಿತು. ಕಾಗದ ನಿಂತಿತು. ಕೂಸು ಹುಟ್ಟಿತೋ ಇಲ್ಲವೋ, ಅವ್ವ ಹೇಗಿದ್ದಾಳೋ, ಯಾರಿಗೂ ಗೊತ್ತಿಲ್ಲ. ಕೊನೆಗೆ ಮಡೆಪ್ಪ ಮುತ್ಯಾ ರೊಟ್ಟಿ ಕಟ್ಟಿಕೊಂಡು ಮೊಮ್ಮಗಳ ಜತೆ ಹೊರಟೇಬಿಟ್ಟ. ದೊಡ್ಡ ರಸ್ತೆಯಲ್ಲಿ ಮಿಲಿಟರಿಯವರು ಅವರ ಬಂಡಿಯನ್ನು ಹಿಂದಕ್ಕೆ ಕಳಿಸಿದರು. ಉಳಿದದ್ದು ಈ ಕಾಲುದಾರಿ.

"ಜಲ್ದಿ ಬಿಚ್ಚವ್ವಾ. ಹೊತ್ತು ಮುಳುಗೂದ್ರಾಗ ಮ್ಯಾಲ ಮುಟ್ಟಬೇಕು. ಆಮ್ಯಾಲ ಊರಾಗ ಬಿಡಂಗಿಲ್ಲಂತ" ಎಂದ ಮುತ್ಯಾ.

ಅನುಸೂಯಾ ಮುಖ ಊದಿಸಿಕೊಂಡು ಚಪ್ಪಲಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಳು.

ಬರಿಗಾಲು ಊರಿದ ಮೇಲೆ ಗುಡ್ಡ ಬೇರೆಯೇ ಆಯಿತು. ಕಲ್ಲು ತಣ್ಣಗಿತ್ತು. ಕಾಲಡಿ ಏನೋ ಮೆಲ್ಲಗೆ ನಡುಗುತ್ತಿತ್ತು.

ಅವಳು ತಲೆ ಎತ್ತಿದಳು. ಅವರು ನಿಂತ ಕಡೆ ಬಂಡೆಗಳೆಲ್ಲ ಕಪ್ಪು. ಮೇಲೆ, ಬಹಳ ಮೇಲೆ, ಗೋಡೆ ಎದ್ದ ಹಾಗೆ ಕೆಂಪು ಕಲ್ಲು. ಅದರ ತುಂಬ ಜೇನುಹುಟ್ಟಿನಂತೆ ತೂತು. ಕೆಂಪು ಮುಗಿದು ಕಪ್ಪು ಶುರುವಾಗುವ ಗೆರೆಯ ಉದ್ದಕ್ಕೂ ಗುಡ್ಡ ಬೆವರುತ್ತಿತ್ತು. ಮಳೆ ನಿಂತು ಎರಡು ತಾಸಾಗಿತ್ತು. ಆದರೂ ನೂರು ಕಡೆ ನೀರು. ಕೆಲವು ನೂಲಿನಷ್ಟು, ಕೆಲವು ಅವಳ ಜಡೆಯಷ್ಟು ದಪ್ಪ.

ಅನುಸೂಯಾ ಬಂಡೆಗೆ ಕಿವಿ ಹಚ್ಚಿದಳು. ಗುಳುಗುಳು, ಗುಳುಗುಳು.

"ಮುತ್ಯಾ! ಒಳಗ ಯಾರೋ ಕೊಡ ಬಗ್ಗಸಲಿಕ್ಕತ್ಯಾರ!"

"ಕೊಡ ಅಲ್ಲವ್ವಾ, ಕೆರಿನ ಬಗ್ಗಸಲಿಕ್ಕತ್ಯಾರ" ಎಂದ ಮುತ್ಯಾ. ಅವನ ಧ್ವನಿಯೂ ಸಣ್ಣದಾಗಿತ್ತು.

ಚಾಂದಬೀ ನಡೆಯುವುದನ್ನು ಅನುಸೂಯಾ ನೋಡತೊಡಗಿದಳು. ಆಕೆ ಮೊದಲು ಬಡಿಗೆಯಿಂದ ಕಲ್ಲು ತಟ್ಟುತ್ತಿದ್ದಳು. ಅಲ್ಲಾಡಿದರೆ ಬಿಡುತ್ತಿದ್ದಳು. ನೀರು ಜೋರಾಗಿ ಹರಿಯುವ ನಡುವೆಯೇ ಕಾಲಿಡುತ್ತಿದ್ದಳು, ಏಕೆಂದರೆ ಅಲ್ಲಿ ಕಲ್ಲು ತೊಳೆದು ಒರಟಾಗಿತ್ತು. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಇಷ್ಟಾದರೂ ತಲೆಯ ಮೇಲಿನ ಬುಟ್ಟಿ ಮಿಸುಕುತ್ತಿರಲಿಲ್ಲ. ಅನುಸೂಯಾ ಮುತ್ಯಾನ ಧೋತರ ಬಿಟ್ಟು ಹಾಗೆಯೇ ನಡೆಯಲು ನೋಡಿದಳು. ಬಂತು!

ಬೆವರುವ ಗೆರೆ ಹತ್ತಿರ ಬಂದಾಗ ಚಾಂದಬೀ ತಟ್ಟನೆ ನಿಂತಳು. ಬಡಿಗೆ ಚಾಚಿ ಎಡಗಡೆ ತೋರಿಸಿ ಕೂಗಿದಳು. "ಕಾಯಿ! ಕಾಯಿ!"

ಮುತ್ಯಾನಿಗೆ ಅದು ಮರಾಠಿ ಅನ್ನಿಸಿತು. ಏನು, ಏನು ಎಂದು ಕೇಳುತ್ತಾಳೆ ಅಂದುಕೊಂಡು, "ಕಾಯ್ ನಾಹೀ, ಬಾಯಿ!" ಏನೂ ಇಲ್ಲ ತಾಯಿ ಎಂದು ಕೂಗಿ ಹೇಳಿದ.

ಅನುಸೂಯಾಳಿಗೆ ಅದು ಅಪ್ಪಟ ಕನ್ನಡ ಅನ್ನಿಸಿತು. ಎಡಗಡೆ ಕರಿಗಲ್ಲಿನ ಆಚೆ ಒಂದು ಕಾಡು ಸೀತಾಫಲದ ಗಿಡ, ತುಂಬ ಕಾಯಿ. ಗಿಡದ ಬುಡದವರೆಗೂ ಕಲ್ಲು ಹಸಿರು ಮಖಮಲ್ಲಿನ ಹಾಗೆ ಹೊಳೆಯುತ್ತಿತ್ತು. ಬೆಳಗ್ಗೆ ತಿಂದ ರೊಟ್ಟಿ ಯಾವಾಗಲೋ ಕರಗಿತ್ತು. "ಕಾಯಿ ಕಿತ್ಕೋ ಅಂತಾಳ" ಎಂದುಕೊಂಡು ಹಸಿರಿನ ಮೇಲೆ ಹೆಜ್ಜೆ ಇಟ್ಟಳು.

ಕಾಲು ಅವಳದಲ್ಲ ಎನ್ನುವ ಹಾಗೆ ಹೋಯಿತು.

ಬಿದ್ದದ್ದು ಗೊತ್ತಾಗಲಿಲ್ಲ. ಜಾರುತ್ತಿದ್ದದ್ದು ಗೊತ್ತಾಯಿತು. ಹಸಿರು, ಆಕಾಶ, ಮತ್ತೆ ಹಸಿರು. ಕೆಳಗೆ ಕಲ್ಲೇ ಇರಲಿಲ್ಲ. ಬರೀ ಗಾಳಿ, ಬಹಳ ಕೆಳಗೆ ಮರಗಳ ತಲೆ.

ಆಗ ಯಾರೋ ಅವಳ ಜಡೆ ಹಿಡಿದು ಎಳೆದರು.

"ಯವ್ವಾ!" ಎಂದು ಚೀರಿದಳು.

ಚಾಂದಬೀ ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದಳು. ಬಡಿಗೆಯನ್ನು ಒಂದು ಬಿರುಕಿಗೆ ಸಿಕ್ಕಿಸಿ, ಇನ್ನೊಂದು ಕೈಗೆ ಜಡೆ ಸುತ್ತಿಕೊಂಡಿದ್ದಳು. ಬುಟ್ಟಿ ಮಗುಚಿ ಉರುಳಿತ್ತು. ಸೀತಾಫಲಗಳು ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತ ಇಳಿದವು. ಟಪ್, ಟಪ್. ಕೊನೆಯದು ಬಿದ್ದ ಸಪ್ಪಳ ಬಹಳ ಹೊತ್ತಾದ ಮೇಲೆ ಕೇಳಿತು.

ಗುಡ್ಡದೊಳಗೆ ನೀರು ಗುಳುಗುಡುತ್ತಲೇ ಇತ್ತು.

ಮುತ್ಯಾ ಬಂದು ಅನುಸೂಯಾಳನ್ನು ಮೇಲಕ್ಕೆ ಎಳೆದುಕೊಂಡ. ಚಾಂದಬೀ ಬೆರಳಿನಿಂದ ಕಲ್ಲಿನ ಮೇಲಿನ ಹಸಿರು ಕೆರೆದು ಅವಳ ಮೂಗಿನ ಮುಂದೆ ಹಿಡಿದಳು.

"ಕಾಯಿ" ಎಂದಳು ಏದುಸಿರು ಬಿಡುತ್ತ. "ಯೇ ಕಾಯಿ!"

ಅದು ಲೊಳಲೊಳ ಪಾಚಿ.

"ಪಾಚಿಗಿ ಕಾಯಿ ಅಂತೀರೇನ್ರಿ?" ಎಂದಳು ಅನುಸೂಯಾ. ಅಳು ಅರ್ಧ, ಬೆರಗು ಅರ್ಧ. ಗಿಡದ ಕಡೆ ಕೈ ಮಾಡಿ, "ನಮ್ಮಲ್ಲಿ ಅದಕ್ಕ ಕಾಯಿ ಅಂತಾರ. ತಿನ್ನೂದು!" ಎಂದಳು.

ಚಾಂದಬೀ ಗಿಡ ನೋಡಿದಳು, ಪಾಚಿ ನೋಡಿದಳು. ಆಮೇಲೆ ಹಣೆ ಬಡಿದುಕೊಂಡು ನಕ್ಕಳು. "ಯಾ ಅಲ್ಲಾ! ನಾ ಗಿರ್‌ತೀ ಅಂದ್ರ, ಇಕಿ ಖಾತೀ ಅಂತಾಳ!" ಎಂದು ತುತ್ತು ಬಾಯಿಗಿಡುವ ಹಾಗೆ ಕೈ ಮಾಡಿದಳು.

"ನಾ ಏನೂ ಇಲ್ಲ ಅಂದೆ!" ಎಂದು ಮುತ್ಯಾನೂ ನಗತೊಡಗಿದ. ನಗುತ್ತಲೇ ಅವನ ಕಣ್ಣಲ್ಲಿ ನೀರು ಬಂತು.

ಉರುಳಿದ ಬುಟ್ಟಿ ಒಂದು ಪೊದೆಗೆ ಸಿಕ್ಕಿತ್ತು. ಚಾಂದಬೀ ಅದನ್ನು ಎತ್ತಿಕೊಂಡಳು. ಸೂರ್ಯನ ಕಡೆ ಒಮ್ಮೆ ನೋಡಿದಳು. ಆಮೇಲೆ ಅನುಸೂಯಾಳ ಕೈ ಹಿಡಿದು ಮೇಲಕ್ಕೆ ಹೊರಟಳು. ಮುತ್ಯಾನಿಗೆ ಬಡಿಗೆ ಕೊಟ್ಟಳು.

ಕೆಂಪು ಕಲ್ಲು ಶುರುವಾಯಿತು. ತೂತಿನ ಕಲ್ಲು ಅಂಗಾಲನ್ನು ಗಟ್ಟಿಯಾಗಿ ಹಿಡಿಯಿತು. "ಅಬ್ ಡರ್ ನಕ್ಕೋ, ಹೆದರಬ್ಯಾಡ" ಎಂದಳು ಚಾಂದಬೀ. ಆದರೂ ಕೈ ಬಿಡಲಿಲ್ಲ. ಅನುಸೂಯಾಳೂ ಬಿಡಿಸಿಕೊಳ್ಳಲಿಲ್ಲ.

ಕೊನೆಯ ಕಲ್ಲು ಹತ್ತಿದಾಗ ಗಾಳಿ ಮುಖಕ್ಕೆ ಬಡಿಯಿತು. ಹಿಂದೆ ತಿರುಗಿದರೆ ಇಡೀ ಸೀಮೆ ಕಾಲ ಕೆಳಗೆ ಬಿಚ್ಚಿತ್ತು. ತೊಗರಿ ಹೊಲ, ಜೋಳದ ಹೊಲ, ಹೊಳೆಯುವ ಹಳ್ಳಗಳು. ಮೋಡವೊಂದು ಅವರಿಗಿಂತ ಕೆಳಗೆ ತೇಲುತ್ತಿತ್ತು. ಅದರ ನೆರಳು ಒಂದು ಊರನ್ನು ಮುಚ್ಚಿ ಮುಂದೆ ಸರಿಯಿತು.

"ಮೋಡದ ಬೆನ್ನು ಹಿಂಗಿರ್ತದೇನು?" ಎಂದಳು ಅನುಸೂಯಾ. ದೊಡ್ಡವರಿಬ್ಬರೂ ನೋಡುತ್ತ ನಿಂತಿದ್ದರು.

ಅಲ್ಲೇ ಎಮ್ಮೆ ಮೇಯಿಸುತ್ತಿದ್ದ ಮುದುಕ ಬಾಬುಮಿಯಾನನ್ನು ಮುತ್ಯಾ ಕೇಳಿದ. "ನಮ್ಮ ಬೀಗ ಚಿದ್ರಿ ಶಿವರಾಜಪ್ಪನ ಮನ್ಯಾಗ ಎಲ್ಲಾರೂ ಆರಾಮ ಅದಾರೇನ್ರಿ?"

"ಅವರ ಮನಿಗಿ ನಾನೇ ಹಾಲು ಹಾಕ್ತೇನಿ. ಹೆಣ್ಣುಕೂಸು ಹುಟ್ಟಿ ಎಂಟು ದಿನ ಆಯ್ತು. ತಾಯಿ, ಕೂಸು ಛಲೋ ಅದಾರ. ಕೂಸಂತೂ ಭಾರೀ ಒದರ್ತದ!"

ಮುತ್ಯಾ ಬಡಿಗೆ ಹಿಡಿದುಕೊಂಡೇ ನೆಲಕ್ಕೆ ಕುಳಿತುಬಿಟ್ಟ. ಅನುಸೂಯಾ ಎರಡು ಸಲ ಜಿಗಿದಳು. "ನಡಿ ಮುತ್ಯಾ, ಏಳು, ಓಡು!"

ಚಾಂದಬೀ ನಕ್ಕು ಅವಳ ಕೆನ್ನೆ ಸವರಿದಳು. ಬಡಿಗೆ ಇಸಿದುಕೊಂಡಳು. ಬುಟ್ಟಿಯನ್ನು ಬಗಲಿಗೆ ಇರುಕಿಕೊಂಡು ಬಂದ ದಾರಿಯಲ್ಲೇ ಇಳಿಯತೊಡಗಿದಳು.

"ಮುತ್ಯಾ, ಚಾಚಿ ಪ್ಯಾಟಿಗಿ ಬರೂದಿಲ್ಲೇನು?"

"ಬುಟ್ಟಿ ಖಾಲಿ ಆಗ್ಯಾದಲ್ಲವ್ವಾ. ಪ್ಯಾಟ್ಯಾಗ ಏನ್ ಮಾರ್ತಾಳ?"

ಅನುಸೂಯಾ ಓಡಲು ಎತ್ತಿದ ಕಾಲು ಇಳಿಸಿದಳು. ಬುಟ್ಟಿ ಖಾಲಿಯಾದದ್ದು ಇಲ್ಲಿ ಅಲ್ಲ. ಅಲ್ಲಿ ಕೆಳಗೆ, ಅರ್ಧ ದಾರಿಯಲ್ಲಿ. ಆಮೇಲೂ ಆಕೆ ಅವಳ ಕೈ ಹಿಡಿದು ಮೇಲಿನವರೆಗೂ ಬಂದಿದ್ದಳು.

ಅವಳು ಅಂಚಿಗೆ ಬಂದು ನಿಂತಳು. ಚಾಂದಬೀ ಒಂದೊಂದೇ ಕಲ್ಲು ತಟ್ಟಿ ನೋಡುತ್ತ ಇಳಿಯುತ್ತಿದ್ದಳು.

"ಬಾರವ್ವಾ, ನಿಮ್ಮವ್ವ ದಾರಿ ಕಾಯ್ತಾಳ" ಎಂದ ಮುತ್ಯಾ.

"ತಡಿ ಮುತ್ಯಾ" ಎಂದಳು ಅನುಸೂಯಾ. "ಚಾಚಿ ಕರಿಗಲ್ಲು ದಾಟಲಿ."